ಬರದ ವರ್ಷದಲ್ಲಿ ಪಂಚಾಯಿತಿ ಅಧ್ಯಕ್ಷೆಯಾದ ಮಗಳಿಗೆ

ಫೆಬ್ರವರಿ 2024

ಚಿ. ಸೌ. ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಅನೇಕ ಆಶೀರ್ವಾದಗಳು.

ನೀನು ಅಧ್ಯಕ್ಷೆಯಾಗಿ ವರ್ಷ ತುಂಬುವ ಮೊದಲೇ ಬರ ಬಂದು ಕೂತಿದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿರುವಾಗ, ಮೇಲಿನವರು ನಮ್ಮ ಊರನ್ನೇ ಹುಡುಕಿಕೊಂಡು ಬರುತ್ತಾರೆಂದು ಕಾಯುತ್ತ ಕೂರಬೇಡ. ಜನ ಮೊದಲು ತಟ್ಟುವ ಬಾಗಿಲು ಪಂಚಾಯಿತಿಯದು. ಆದರೆ ತೀರ ಸೋತವರು ಆ ಬಾಗಿಲಿಗೂ ಬರುವುದಿಲ್ಲ ಎಂಬುದನ್ನು ನಾನು ತಡವಾಗಿ ಕಲಿತೆ.

ನಾನು ಸದಸ್ಯನಾಗಿದ್ದಾಗ ಒಂದು ಬೇಸಿಗೆಯಲ್ಲಿ ಟ್ಯಾಂಕರ್ ನಿಲ್ಲುವ ಜಾಗ ಗುಡಿಯ ಮುಂದೆ ಎಂದು ನಾವೇ ಗೊತ್ತು ಮಾಡಿದ್ದೆವು. ಸುತ್ತಲಿನ ಮನೆಯವರು ಪೈಪು ಎಳೆದು ಡ್ರಮ್ಮು ತುಂಬಿಕೊಳ್ಳುತ್ತಿದ್ದರು. ಒಂದು ದಿನ ಕೊನೆಯ ಕೇರಿಯ ಮುದುಕಿಯೊಬ್ಬಳು ತಳದಲ್ಲಿ ಉಳಿದ ಕೆಸರು ನೀರನ್ನು ಸೀರೆಯ ಸೆರಗಿನಲ್ಲಿ ಸೋಸಿ ಕೊಡಕ್ಕೆ ಹಾಕಿಕೊಳ್ಳುತ್ತಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆ ತಪ್ಪಿನಲ್ಲಿ ನನ್ನ ಸಹಿಯೂ ಇತ್ತು. ನೀನು ಟ್ಯಾಂಕರನ್ನು ಕೊನೆಯ ಕೇರಿಯಿಂದ ಆರಂಭಿಸು. ಎಷ್ಟು ಗಂಟೆಗೆ ಎಲ್ಲಿ ಎಷ್ಟು ಕೊಡ ಎಂಬುದನ್ನು ನೀರುಗಂಟಿಯ ಕೈಯಲ್ಲಿ ಪುಸ್ತಕದಲ್ಲಿ ಬರೆಸಿ, ಆ ಕೇರಿಯ ಹೆಂಗಸೊಬ್ಬಳಿಂದ ಸಹಿ ಹಾಕಿಸು.

ಇನ್ನು ಕೂಲಿಯ ವಿಷಯ. ನನಗೆ ಹೆಚ್ಚಿನ ಚಿಂತೆ ಇರುವುದು ಇದರಲ್ಲೇ. ಬೆಳೆ ಪರಿಹಾರವೆಂದು ಸರ್ಕಾರ ಮೊದಲ ಕಂತಿನಲ್ಲಿ ಕೊಡುತ್ತಿರುವ ಗರಿಷ್ಠ 2,000 ರೂಪಾಯಿ ಪಹಣಿ ಇದ್ದವರ ಖಾತೆಗೆ ಹೋಗುತ್ತದೆ. ಬಾಯಿಮಾತಿನ ಮೇಲೆ ಬೇರೆಯವರ ಹೊಲವನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಮಾಡಿ, ಬೀಜ ಗೊಬ್ಬರಕ್ಕೆ ಸಾಲ ತಂದು, ಬೆಳೆ ಕಳೆದುಕೊಂಡವನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅಂಥ ಮನೆಗಳಿಗೆ ಉಳಿದಿರುವ ಆಸರೆ ಉದ್ಯೋಗ ಖಾತರಿಯ ದಿನಕ್ಕೆ 316 ರೂಪಾಯಿ ಕೂಲಿಯೊಂದೇ. 2005ರ ಕಾಯ್ದೆಯ ಪ್ರಕಾರ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಆದರೆ ಆ 15 ದಿನವನ್ನು ಎಣಿಸುವುದು ಎಲ್ಲಿಂದ? ತಾರೀಕು ಹಾಕಿದ ಸ್ವೀಕೃತಿ ರಸೀದಿಯಿಂದ. ಅದಕ್ಕಾಗಿಯೇ ಹಲವು ಕಡೆ ‘ಹೆಸರು ಬರೆದುಕೊಂಡಿದ್ದೇವೆ, ಹೇಳಿ ಕಳಿಸುತ್ತೇವೆ’ ಎಂದು ಬರಿಗೈಯಲ್ಲಿ ಕಳಿಸುತ್ತಾರೆ. ನಿನ್ನ ಕಚೇರಿಯಲ್ಲಿ ಹಾಗಾಗಬಾರದು. ಕೆಲಸ ಕೇಳುವ ನಮೂನೆ 6ರ ಅರ್ಜಿಯ ಕಟ್ಟನ್ನು ಹಿಡಿದು ನೀನೇ ಕೇರಿಗೆ ಹೋಗು, ಅಲ್ಲೇ ತುಂಬಿಸು, ಅಲ್ಲೇ ರಸೀದಿ ಕೊಡು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬೇಸರಪಟ್ಟರೆ ಸಮಾಧಾನದಿಂದ ಮಾತಾಡು. ಅವರ ಮೇಲೂ ಒತ್ತಡವಿರುತ್ತದೆ.

ಕಾಮಗಾರಿಯೆಂದರೆ ಕೆರೆಯ ಹೂಳು, ಹೊಲದ ಬದು, ಕೃಷಿಹೊಂಡ. ಹೂಳು ತೆಗೆಯುವ ಮೊದಲು ಕೆರೆಗೆ ನೀರು ತರುವ ಹಳ್ಳ ಎಲ್ಲೆಲ್ಲಿ ಮುಚ್ಚಿದೆ ಎಂದು ನಡೆದು ನೋಡು. ಹಳ್ಳ ಕಟ್ಟಿಕೊಂಡಿದ್ದರೆ ಎಷ್ಟು ಆಳ ತೋಡಿದರೂ ಕೆರೆ ಬರಿದೇ. ಒತ್ತುವರಿ ಮಾಡಿದವರಲ್ಲಿ ನಮ್ಮ ಬಂಧುಗಳೂ ಇದ್ದಾರೆ. ಅವರ ಹೊಲದಿಂದಲೇ ಅಳತೆ ಆರಂಭಿಸು. ಮನೆಗೆ ಬಂದು ಯಾರಾದರೂ ಜಗಳವಾಡಿದರೆ ನನ್ನ ಹತ್ತಿರ ಕಳಿಸು. ಕೆಲಸದ ಜಾಗದಲ್ಲಿ ನೆರಳು, ಕುಡಿಯುವ ನೀರು ಇರಲೇಬೇಕು. ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಕೂಲಿಯ ಮೇಲೆಯೇ ನೇಮಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಮಣ್ಣು ಹೊರಲಾಗದ ಹಿರಿಯ ಹೆಂಗಸಿಗೆ ಆ ಕೆಲಸ ಕೊಡು.

ಮೇವಿನ ಮಾತನ್ನು ಪಶುವೈದ್ಯರೊಂದಿಗೆ ಈ ವಾರವೇ ಆಡಿ ಮುಗಿಸು. ದನ ಸಂತೆಗೆ ಹೋದ ಮೇಲೆ ಮೇವು ಬಂದು ಫಲವಿಲ್ಲ.

ಗ್ರಾಮಸಭೆಯ ಡಂಗುರವನ್ನು ಎಲ್ಲ ಕೇರಿಗಳಲ್ಲೂ ಸಾರಿಸು. ಸಭೆಗೆ ಮೊದಲು ಬೀಗ ಹಾಕಿ ಗುಳೆ ಹೋದ ಮನೆಗಳನ್ನೂ, ಹಿಂದೆ ಉಳಿದ ಮುದುಕರು ಮತ್ತು ಮಕ್ಕಳನ್ನೂ ಪಟ್ಟಿ ಮಾಡು. ಮುಂದಿನ ಸೋಮವಾರ ನಾನು ಊರಿಗೆ ಬರುತ್ತೇನೆ. ಪಟ್ಟಿಯನ್ನು ತೆಗೆದಿಟ್ಟಿರು, ಇಬ್ಬರೂ ಸೇರಿ ಮೊದಲು ಆ ಮನೆಗಳಿಗೇ ಹೋಗೋಣ.

ಇಂತಿ ನಿನ್ನ ದೊಡ್ಡಪ್ಪ