ಮಗಳಿಗೊಂದು ಪತ್ರ: ಆ ಎರಡು ಸಬ್ಜೆಕ್ಟ್ ಬಗ್ಗೆ

ಪುಟ್ಟಿ,

ಎಡಗೈಲಿ ಟೈಪ್ ಮಾಡ್ತಿದೀನಿ, ಬಲಗೈ ಬೆರಳು ಇನ್ನೂ ಪೂರ್ತಿ ಮಾತು ಕೇಳ್ತಿಲ್ಲ, ಅದಕ್ಕೆ ಮೂರು ದಿನದಿಂದ ಸ್ವಲ್ಪಸ್ವಲ್ಪನೇ ಬರೀತಿದೀನಿ. ಎದುರಿಗೆ ಕೂತು ಹೇಳೋಣ ಅಂದ್ರೆ ನಾಲಿಗೆ ತೊದಲುತ್ತೆ, ನೀನು ಅದನ್ನ ನೋಡಿ ಕಣ್ಣು ತುಂಬ್ಕೋತೀಯ, ಹೇಳ್ಬೇಕಾಗಿದ್ದು ಅಲ್ಲೇ ಉಳ್ಕೊಳ್ಳುತ್ತೆ. ಮೊನ್ನೆ ರಾತ್ರಿ ನೀನು ಫ್ರೆಂಡ್ ಹತ್ರ ಫೋನಲ್ಲಿ "ನನ್ನನ್ನ ಇನ್ಯಾರು ಕೆಲಸಕ್ಕೆ ತಗೋತಾರೆ ಬಿಡೇ, ನಂದು ಮುಗೀತು" ಅಂದಿದ್ದು ಕಿವಿಗೆ ಬಿತ್ತು. ಕದ್ದು ಕೇಳಿದ್ದಲ್ಲ, ನಿದ್ದೆ ಬಂದಿರ್ಲಿಲ್ಲ ಅಷ್ಟೆ. ಅದಾದ್ಮೇಲೂ ಬರ್ಲಿಲ್ಲ.

ಮೊದ್ಲು ಒಂದು ಮಾತು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಐದನೇ ಸೆಮ್‌ನಲ್ಲಿ ನಾಲ್ಕು ಸಬ್ಜೆಕ್ಟ್ ಹೋಗಿದ್ದು ನೀನು ಓದ್ಲಿಲ್ಲ ಅಂತಲ್ಲ. ನಂಗೆ ಸ್ಟ್ರೋಕ್ ಆಗಿ ಆಸ್ಪತ್ರೇಲಿ ಬಿದ್ದಿದ್ದಾಗ ಅಮ್ಮ ಹಗಲು ನೀನು ರಾತ್ರಿ ಅಂತ ಪಾಳಿ ಹಾಕ್ಕೊಂಡಿದ್ರಿ, ನನ್ನ ಮಾತ್ರೆ ಟೈಮನ್ನ ನೀನು ಹಾಲ್ ಟಿಕೆಟ್ ಹಿಂದುಗಡೆ ಪೆನ್ಸಿಲಲ್ಲಿ ಬರ್ಕೊಂಡಿದ್ದೆ, ಆರಕ್ಕೆ ಒಂದು, ಹತ್ತಕ್ಕೆ ಎರಡು ಅಂತ, ಆ ಕಾಗದ ಈಗ್ಲೂ ನನ್ನ ಪರ್ಸಲ್ಲಿದೆ. ಎರಡು ಎಕ್ಸಾಮ್‌ಗೆ ನೀನು ಹೋಗ್ಲೇ ಇಲ್ಲ, ಇನ್ನೆರಡಕ್ಕೆ ರಾತ್ರಿಯೆಲ್ಲ ಎದ್ದಿದ್ದು ಆಸ್ಪತ್ರೆಯಿಂದ್ಲೇ ನೇರ ಹೋದೆ. ಮಾರ್ಕ್ಸ್ ಕಾರ್ಡಲ್ಲಿ ಇದ್ಯಾವುದೂ ಪ್ರಿಂಟ್ ಆಗಲ್ಲ, ಫೇಲ್ ಅಂತ ಮಾತ್ರ ಬರುತ್ತೆ. ನಂಗೆ ಗೊತ್ತು ಪುಟ್ಟಿ, ಅಷ್ಟು ಸಾಕಾಗುತ್ತೋ ಇಲ್ವೋ ಗೊತ್ತಿಲ್ಲ, ಆದ್ರೆ ನಂಗೆ ಗೊತ್ತು.

ನಾಲ್ಕರಲ್ಲಿ ಎರಡು ಆಗ್ಲೇ ಕ್ಲಿಯರ್ ಮಾಡಿದೀಯ, ಉಳಿದಿದ್ದು ಕಂಟ್ರೋಲ್ ಸಿಸ್ಟಮ್ಸು, ಪವರ್ ಎಲೆಕ್ಟ್ರಾನಿಕ್ಸು. ಕ್ಯಾಂಪಸ್‌ಗೆ ಬರೋ ಎಷ್ಟೋ ಕಂಪ್ನಿಗಳು ಆಕ್ಟಿವ್ ಬ್ಯಾಕ್‌ಲಾಗ್, ಅಂದ್ರೆ ಇನ್ನೂ ಪಾಸಾಗದ ಸಬ್ಜೆಕ್ಟ್, ಇರೋರನ್ನ ಟೆಸ್ಟಿಗೇ ಕೂರಿಸಲ್ಲ, ಅದು ನಿಜ, ಸುಳ್ಳು ಸಮಾಧಾನ ಹೇಳಲ್ಲ. ಆದ್ರೆ ಪಾಸಾದ ದಿನಕ್ಕೆ ಅದು ಆಕ್ಟಿವ್ ಅಲ್ಲ, ಆಮೇಲೆ ಆಫ್ ಕ್ಯಾಂಪಸ್, ಅಂದ್ರೆ ಕಾಲೇಜಿನ ಹೊರಗಿಂದ ನೇರವಾಗಿ, ಅಪ್ಲೈ ಮಾಡ್ಬೋದು. ಕೆಲವು ಕಡೆ ಹಿಂದೆ ಎಷ್ಟು ಬ್ಯಾಕ್ ಇತ್ತು ಅಂತ್ಲೂ ಕೇಳ್ತಾರೆ, ಇನ್ನು ಕೆಲವು ಕಡೆ ಹತ್ತನೇ ಕ್ಲಾಸಿಂದ ಎಲ್ಲದ್ರಲ್ಲೂ 60 ಪರ್ಸೆಂಟ್ ಬೇಕು ಅಂತಾರೆ, ಅಂಥ ಬಾಗಿಲು ಮುಚ್ಚಿದ್ರೆ ಮುಚ್ಲಿ, ಅದ್ರ ಮುಂದೇನೇ ನಿಂತು ತಟ್ತಾ ಇರ್ಬೇಡ.

ಮನೇಲಿ ಕೂತು ಗೇಟ್, ಅಂದ್ರೆ ಎಂಟೆಕ್ ಸೀಟಿಗೆ ಬರೆಯೋ ದೇಶಮಟ್ಟದ ಪರೀಕ್ಷೆ, ಅದ್ರ ಎಲೆಕ್ಟ್ರಿಕಲ್ ಸಿಲಬಸ್ ತೆಗೆದು ನೋಡ್ದೆ. ನಿನ್ನ ಎರಡು ಬ್ಯಾಕ್ ಸಬ್ಜೆಕ್ಟೂ ಅದ್ರಲ್ಲೇ ಇದೆ! ಅಂದ್ರೆ ಬ್ಯಾಕ್ ಕ್ಲಿಯರ್ ಮಾಡೋಕೆ ಓದೋದೂ ಗೇಟ್‌ಗೆ ಓದೋದೂ ಒಂದೇ ಓದು, ಪಾಸಿಗೆ ಬೇಕಾದಷ್ಟೇ ಓದಿ ನಿಲ್ಲಿಸ್ಬೇಡ ಅಷ್ಟೆ. 100 ಮಾರ್ಕ್ಸ್ ಪೇಪರ್, ಅದ್ರಲ್ಲಿ 15 ಆಪ್ಟಿಟ್ಯೂಡು, ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲ ಬೇಕಾದ್ರೂ ಬರೀಬೋದು, ಸ್ಕೋರ್ 3 ವರ್ಷ ನಡಿಯುತ್ತೆ. ಎಂಟೆಕ್ ಸೀಟ್ ಗೇಟ್ ಮೇಲೆ ಸಿಕ್ಕಿದ್ರೆ ತಿಂಗಳಿಗೆ 12,400 ಸ್ಟೈಪೆಂಡ್ ಇದೆ. ಪಿಎಸ್‌ಯುಗಳು, ಅಂದ್ರೆ ಸರ್ಕಾರಿ ಕಂಪ್ನಿಗಳು, ಗೇಟ್ ಸ್ಕೋರ್ ನೋಡಿದ್ರೂ ಡಿಗ್ರಿ ಪರ್ಸೆಂಟೇಜೂ ಕೇಳ್ತಾವೆ, ಒಂದೊಂದ್ರದ್ದು ಒಂದೊಂದು ಥರ, ನೋಟಿಫಿಕೇಶನ್ ಓದ್ದೆ ಆಸೆ ಇಟ್ಕೋಬೇಡ. ಯುಪಿಎಸ್‌ಸಿಯವರ ಎಂಜಿನಿಯರಿಂಗ್ ಸರ್ವಿಸಸ್ಸಿಗೆ ಡಿಗ್ರಿ ಪಾಸಾಗಿದ್ರೆ ಸಾಕು, ಇಷ್ಟೇ ಪರ್ಸೆಂಟ್ ಇರ್ಬೇಕು ಅನ್ನೋ ರೂಲ್ ಇಲ್ಲ. ಕಷ್ಟದ ಪರೀಕ್ಷೆ, ಇಂಟರ್‌ವ್ಯೂ ಸೇರಿ 1300 ಮಾರ್ಕ್ಸು, ಆದ್ರೆ ನಿನ್ನ ಐದನೇ ಸೆಮ್ಮನ್ನ ಅಲ್ಲಿ ಯಾರೂ ಲೆಕ್ಕಕ್ಕೆ ತಗೊಳಲ್ಲ.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಮಾತ್ರ ಗ್ರಾಜುಯೇಟ್ ಅಪ್ರೆಂಟಿಸ್. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಒಂದು ವರ್ಷ ಕಂಪ್ನಿಲಿ ಟ್ರೈನಿಂಗಿಗೆ ತಗೋತಾರೆ, ಸಂಬಳ ಅಲ್ಲ ಸ್ಟೈಪೆಂಡು, ಆದ್ರೆ ಕರೆಂಟಿನ ಪ್ಯಾನೆಲ್ ಮುಂದೆ ನಿಂತು ಕಲೀಬೋದು. ಡಿಗ್ರಿ ಕೈಗೆ ಬಂದ್ಮೇಲೆ ಸರ್ಕಾರದ ಅಪ್ರೆಂಟಿಸ್ ವೆಬ್‌ಸೈಟ್ ನ್ಯಾಟ್ಸ್ ಪೋರ್ಟಲಲ್ಲಿ ರಿಜಿಸ್ಟರ್ ಮಾಡು. ನಾನು ಯಾಕೆ ಇದನ್ನೇ ಹೇಳ್ತಿದೀನಿ ಗೊತ್ತಾ, ನಾನು ಆಸ್ಪತ್ರೇಲಿದ್ದಾಗ ಮನೇಲಿ ಬೋರ್ ಮೋಟರ್ ನಿಂತೋಗಿತ್ತಲ್ಲ, ಹಸಿರು ಬಟನ್ ಒತ್ತಿ ಹಿಡ್ಕೊಂಡ್ರೆ ಓಡ್ತಿತ್ತು, ಬಿಟ್ರೆ ನಿಲ್ತಿತ್ತು. ನೀನು ಮೇನ್ ಆಫ್ ಮಾಡಿ, ಟೆಸ್ಟರಲ್ಲಿ ನೋಡ್ಕೊಂಡು, ಸ್ಟಾರ್ಟರ್ ಮುಚ್ಚಳ ಬಿಚ್ಚಿ, ಮೋಟರ್ ಸರಿ ಇದೆ, ಓವರ್‌ಲೋಡೂ ಟ್ರಿಪ್ ಆಗಿಲ್ಲ, ಬಟನ್ ಬಿಟ್ಮೇಲೂ ಕರೆಂಟ್ ಹಿಡಿದಿಡೋ ಕಾಂಟ್ಯಾಕ್ಟರಿನ ಹೋಲ್ಡಿಂಗ್ ಕಾಂಟ್ಯಾಕ್ಟ್ ಕೂಡ್ತಿಲ್ಲ ಅಂತ ಹಿಡಿದ್ಬಿಟ್ಟೆ. ಇದನ್ನ ಅಮ್ಮ ಹೇಳಿದ್ದು ನಂಗೆ, ನೀನು ಹೇಳ್ಲೇ ಇಲ್ಲ. 22 ವರ್ಷ ಫ್ಯಾಕ್ಟರಿ ಮೇಂಟೆನೆನ್ಸಲ್ಲಿ ಎಷ್ಟು ಹೊಸಬ್ರನ್ನ ನೋಡಿದೀನಿ, ಒಳ್ಳೆ ಮಾರ್ಕ್ಸ್ ತಗೊಂಡಿರೋರೂ ಮೊದಲನೇ ದಿನ ಮೋಟರೇ ಸುಟ್ಟಿದೆ ಅಂತ ಬಿಚ್ಚೋಕೆ ಹೋಗ್ತಾರೆ. ನೀನು ಸರ್ಕ್ಯೂಟ್ ಯೋಚ್ನೆ ಮಾಡ್ದೆ. ಇಂಟರ್‌ವ್ಯೂಲಿ ಪ್ರಾಜೆಕ್ಟ್ ಜೊತೆ ಇದನ್ನೂ ಹೇಳು ಮಗಳೇ.

ಬ್ಯಾಕ್ ಯಾಕಾಯ್ತು ಅಂತ ಕೇಳಿದ್ರೆ ಮುಚ್ಚಿಡ್ಬೇಡ. ಅಪ್ಪನಿಗೆ ಸ್ಟ್ರೋಕ್ ಆಗಿತ್ತು, ರಾತ್ರಿ ನಾನೇ ನೋಡ್ಕೋತಿದ್ದೆ, ಆಮೇಲೆ ಎಲ್ಲಾ ಕ್ಲಿಯರ್ ಮಾಡ್ದೆ. ಇಷ್ಟು ಹೇಳಿ ಸುಮ್ನಾಗು, ಮುಂದಿನ ಪ್ರಶ್ನೆ ಅವ್ರು ಕೇಳ್ಲಿ. ದುಡ್ಡು ಕೊಟ್ರೆ ಕೆಲಸ ಕೊಡಿಸ್ತೀವಿ, ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಸ್ಕೊಡ್ತೀವಿ ಅಂತ ಬರೋರ ಫೋನನ್ನ ಎತ್ಲೇಬೇಡ.

ಎ. ಲಲಿತಾ ಅಂತ ಒಬ್ರಿದ್ರು, ನಮ್ಮ ದೇಶದ ಮೊದಲ ಮಹಿಳಾ ಎಲೆಕ್ಟ್ರಿಕಲ್ ಎಂಜಿನಿಯರ್. ಹದಿನೈದಕ್ಕೆ ಮದುವೆ, ಹದಿನೆಂಟಕ್ಕೆ ಗಂಡ ಹೋದ್ರು, ಕೈಲಿ ನಾಲ್ಕು ತಿಂಗಳ ಹೆಣ್ಣುಮಗು. ಅವ್ರಪ್ಪ ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಲ್ಲಿ ಮೇಷ್ಟ್ರು, ಗಂಡುಮಕ್ಕಳೇ ಓದ್ತಿದ್ದ ಆ ಕಾಲೇಜಿಗೆ ಮಗಳನ್ನ ಸೇರಿಸ್ಕೊಳ್ಳಿ ಅಂತ ಕೇಳಿ 1940ರಲ್ಲಿ ಸೇರಿಸಿದ್ರು. ಅವ್ರ ಡಿಗ್ರಿ ಸರ್ಟಿಫಿಕೇಟಲ್ಲಿ 'ಅವನು' ಅಂತ ಅಚ್ಚಾಗಿದ್ದನ್ನ ಹೊಡೆದು 'ಅವಳು' ಅಂತ ಬರೀಬೇಕಾಯ್ತಂತೆ. ಮುಂದೆ ಭಾಕ್ರಾ ನಂಗಲ್ ಅಣೆಕಟ್ಟಿನ ಕರೆಂಟಿನ ಕೆಲಸದಲ್ಲೂ ಅವ್ರ ಕೈ ಇತ್ತು. ಓದ್ತಾ ಓದ್ತಾ ನಂಗೆ ಆ ಅಪ್ಪನ ಬಗ್ಗೆನೇ ಹೆಚ್ಚು ಯೋಚ್ನೆ ಆಯ್ತು, ಮಗಳಿಗೋಸ್ಕರ ಹೋಗಿ ಕೇಳಿದ್ರಲ್ಲ ಅವ್ರು. ನನ್ನಿಂದ ಈಗ ಓಡಾಡೋಕೆ ಆಗಲ್ಲ, ಕೂತಲ್ಲಿಂದ ಏನು ಮಾಡ್ಬೋದೋ ಅದನ್ನ ಮಾಡ್ತೀನಿ.

ಎಕ್ಸಾಮ್ ಫೀಸ್ ಕಟ್ಟೋಕೆ ಕೊನೇ ದಿನ ಯಾವತ್ತು ಅಂತ ಇವತ್ತೇ ನೋಡು. ನಿನ್ನ ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕ ಎಲ್ಲೋಯ್ತು ಅಂತ ಹುಡುಕ್ತಿದ್ದೆಯಲ್ಲ, ನನ್ನ ಮಂಚದ ಪಕ್ಕ ಇದೆ. ಬ್ಲಾಕ್ ಡಯಾಗ್ರಾಮ್ ತನಕ ಓದ್ಕೊಂಡೆ, ರೂಟ್ ಲೋಕಸ್ ತಲೆಗೆ ಹತ್ತಲಿಲ್ಲ. ಸಂಜೆ ಫಿಸಿಯೋ ಮುಗಿದ್ಮೇಲೆ ಬಂದು ಕೂತು ಹೇಳ್ಕೊಡು.

ಅಪ್ಪ