ಗಂಜ್‌ನ ಆ ಆರು ವರ್ಷ ಮುಚ್ಚಿಡಬ್ಯಾಡ ತಮ್ಮಾ

ತಮ್ಮಾ,

ನಿನ್ನ ಮೆಸೇಜ್ ಓದ್ದೆ. ಬಿಕಾಂ ಮುಗ್ಸಿ ಆರು ವರ್ಷ ರಾಯಚೂರು ಗಂಜ್‌ನ್ಯಾಗ (ಎಪಿಎಂಸಿ ಮಾರ್ಕೆಟ್) ದಲಾಲಿ ಅಂಗಡಿ ಲೆಕ್ಕ ನೋಡೀನಿ, ಕೋಡಿಂಗ್ ಬರಂಗಿಲ್ಲ, ಟೆಕ್ನಿಕಲ್ ರೈಟರ್ (ಸಾಫ್ಟ್‌ವೇರ್, ಮಷೀನ್ ಹೆಂಗ್ ಬಳಸ್ಬೇಕಂತ ಬರ್ದುಕೊಡೋರು) ಆಗ್ಬಹುದೇನಕ್ಕಾ ಅಂತ ಕೇಳಿದಿ. ಆಗ್ಬಹುದು. ಆದ್ರ ಆ ಆರು ವರ್ಷಾನ ರೆಸ್ಯೂಮೆದಾಗ ಒಂದೇ ಲೈನ್ ಮಾಡಿ ಮೂಲ್ಯಾಗ ಇಟ್ಟೀಯಲ್ಲ, ಅದು ನಂಗ ಸರಿ ಕಾಣ್ಲಿಲ್ಲ.

ನಾನೂ ಮೊದ್ಲು ಇಲ್ಲೇ ಒಂದು ಹತ್ತಿ ಜಿನ್ನಿಂಗ್ ಮಿಲ್‌ನ್ಯಾಗ ಇದ್ದಾಕಿ. ಹೊಸ ಹುಡುಗನಿಗೆ ಇ-ವೇ ಬಿಲ್ (ಲಾರ್‍ಯಾಗ ಮಾಲು ಸಾಗ್ಸಾಕ ಬೇಕಾದ ಜಿಎಸ್‌ಟಿ ಕಾಗದ) ಹೆಂಗ್ ತೆಗೀಬೇಕಂತ ಒಂದು ಹಾಳಿ ಬರ್ದುಕೊಟ್ಟಿದ್ದೆ. ಪಾರ್ಟ್ ಎ ತುಂಬು, ಪಾರ್ಟ್ ಬಿದಾಗ ಗಾಡಿ ನಂಬರ್ ಹಾಕು, ಪ್ರಿಂಟ್ ತೆಗಿ. ಪಾಪ, ಹಂಗೇ ಮಾಡಿದ. ಗಾಡಿ ನಂಬರ್ ಹಾಕಿದ್ರ ಬಿಲ್ಲಿನ ಟೈಮ್ ಓಡಾಕ ಶುರು ಆಗ್ತದ, 200 ಕಿಲೋಮೀಟರ್‌ಗೆ ಒಂದು ದಿನ ಲೆಕ್ಕ, ಇಲ್ಲಿ ನೋಡಿದ್ರ ಹಮಾಲ್ರು ಬೇಲ್ ಏರ್ಸೇ ಇಲ್ಲ, ಲಾರಿ ಎರಡು ದಿನ ಕಾಂಪೌಂಡ್‌ನ್ಯಾಗೇ ನಿಂತ್ತು, ಆಮ್ಯಾಲೆ ಬಿಲ್ಲಿನ ಟೈಮ್ ಮುಗದದ ಅಂತ ದಾರ್ಯಾಗ ಹಿಡುದ್ರು. ಬೈಸ್ಕೊಂಡವ ಆ ಹುಡುಗ, ತಪ್ಪು ನನ್ನ ಹಾಳೀದು. "ಲೋಡ್ ಆಗೋತನ ಗಾಡಿ ನಂಬರ್ ಹಾಕಬ್ಯಾಡ" ಅಂತ ಬರ್ದಿದ್ದೆ ಖರೆ, ಆದ್ರ ಕೆಳಗ, ಸಣ್ಣ ಅಕ್ಷರದಾಗ, ಅವ ಅಲ್ಲಿತನ ಬರೋದ್ರಾಗ ಬಟನ್ ಒತ್ತಿ ಆಗಿತ್ತು. ಎಚ್ಚರಿಕೆ ಮಾತು ಸ್ಟೆಪ್‌ಗಿಂತ ಮೊದ್ಲು ಬರ್ಬೇಕು ಅನ್ನೋದನ್ನ ನಾ ಸ್ಟೈಲ್ ಗೈಡ್ ಓದಿ ಕಲ್ತಿಲ್ಲ.

ಸಾಫ್ಟ್‌ವೇರ್ ಮಾಡೋರಿಗೆ ಮಾಲು ವಾಪಸ್ ಬಂದ್ರ ಗುಮಾಸ್ತ ಎಲ್ಲಿ ತಡವರಿಸ್ತಾನ ಗೊತ್ತಿರಂಗಿಲ್ಲ, ನಿಂಗ ಗೊತ್ತದ. ಅದನ್ನೇ ಬರ್ದು ಕೆಲ್ಸ ಕೇಳೋವಾಗ ತೋರ್ಸೋ ಸ್ಯಾಂಪಲ್ ಮಾಡು.

ಬಿಡೋದು ಒಂದದ, ಆ ಅಂಗಡಿ ಇಂಗ್ಲಿಷ್. ಕೈಂಡ್ಲಿ ಡು ದ ನೀಡ್‌ಫುಲ್ ಅಂದ್ರ ಯಾರು, ಏನು, ಯಾವಾಗ ಮಾಡ್ಬೇಕು? ವಿಮಾನ ರಿಪೇರಿ ಮ್ಯಾನುವಲ್‌ಗಳಿಗಂತ ಹುಟ್ಟಿದ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್‌ನ್ಯಾಗ ಸೂಚನೆ ಕೊಡೋ ಒಂದು ವಾಕ್ಯಕ್ಕ 20 ಪದಾನೇ ಮಿತಿ (ಈ ಪತ್ರದಾಗ ಎಣಿಸಾಕ ಹೋಗಬ್ಯಾಡ ಮತ್ತ).

ಟೂಲ್ಸ್ ಬಗ್ಗೆ ಭಾಳ ತಲಿ ಕೆಡಿಸ್ಕೋಬ್ಯಾಡ. ಮಾರ್ಕ್‌ಡೌನ್ (ಹೆಡಿಂಗ್, ಪಟ್ಟಿಗೆ ಸಣ್ಣ ಗುರುತು ಹಾಕಿ ಬರ್ಯೋ ಪದ್ಧತಿ) ಲಗೂನ ಬರ್ತದ, ಗಿಟ್ (ಫೈಲ್‌ನ್ಯಾಗ ಏನೇನ್ ಬದಲಾತು ಅಂತ ಲೆಕ್ಕ ಇಡೋ ಟೂಲ್) ಒಂದೀಟು ಕಾಡ್ತದ, ಡಿಟಾ (ದೊಡ್ಡ ಮ್ಯಾನುವಲ್‌ನ ತುಂಡು ತುಂಡಾಗಿ ಬರ್ಯೋ ಪದ್ಧತಿ) ಎಲ್ಲಾ ಕೆಲ್ಸ ಸಿಕ್ಕಮ್ಯಾಲೆ. ಗೂಗಲ್‌ನ ಟೆಕ್ನಿಕಲ್ ರೈಟಿಂಗ್ ಕೋರ್ಸ್ ಪುಕ್ಕಟೆ ಅದ, ಸರ್ಟಿಫಿಕೇಟ್ ಅಂತ ಯಾರಿಗೂ ಸಾವಿರಗಟ್ಲೆ ಕಟ್ಟಬ್ಯಾಡ. ಅಂಗಡಿ ಕೆಲ್ಸಾನೂ ಈಗ್ಲೇ ಬಿಡಬ್ಯಾಡ, ಮೊದ್ಲ ಸಂಬಳ ಈಗಿಂದಕ್ಕಿಂತ ಕಮ್ಮಿನೂ ಇರ್ಬಹುದು.

ಹತ್ತಿ ಸೀಸನ್ ಗದ್ಲ ಶುರು ಆಗೋದ್ರೊಳಗ ಒಂದು ಕೆಲ್ಸ ಮಾಡು. ಮಾಲು ವಾಪಸ್ ಬಂದಾಗ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿದಾಗ ಕ್ರೆಡಿಟ್ ನೋಟ್ (ಗಿರಾಕಿ ಬಾಕಿ ಕಮ್ಮಿ ಮಾಡೋ ಚೀಟಿ) ಹಾಕೋದು ಹೆಂಗಂತ ಒಂದೇ ಹಾಳಿ ಬರ್ದು ಅಂಗಡಿಯ ಹೊಸ ಹುಡುಗನ ಕೈಯಾಗ ಕೊಡು, ಬಾಜೂಕ ಕುಂದ್ರು, ಬಾಯಿ ತೆಗೀಬ್ಯಾಡ. ಅವ ಯಾವ ಲೈನ್‌ನ್ಯಾಗ ತಲಿ ಎತ್ತಿ ನಿನ್ನ ಮಾರಿ ನೋಡ್ತಾನೋ ಅಲ್ಲಿ ಗೆರಿ ಎಳಿ. ಆ ಗೆರಿ ಎಳೆದ ಹಾಳೀನ ನಂಗ ಕಳ್ಸು, ಚಂದ ಮಾಡಿ ಟೈಪ್ ಮಾಡಿದ್ದಲ್ಲ.

ನಿನ್ನ ಅಕ್ಕ