ಮಾತ್ರೆ ಡಬ್ಬಿ ಕಾದವರಿಗೆ

ಹೆಸರು ಬೇಡ ಅಂದಿರಿ, ಹೇಳುವುದಿಲ್ಲ. ಧನ್ಯವಾದ ಹೇಳದೆ ಮಾತ್ರ ಇರಲಾಗದು.

ನಿಮ್ಮವರೊಬ್ಬರಿಗೆ ಎರಡು ವಾರ ಬಿಡದ ಮಂಕು, ಯಾವುದರಲ್ಲೂ ಆಸಕ್ತಿಯಿಲ್ಲ, ನಸುಕಿನಲ್ಲೇ ಎಚ್ಚರ. ಇದನ್ನು ಸೋಮಾರಿತನ ಅನ್ನದೆ, ಖಿನ್ನತೆ ಇರಬಹುದೆಂದು ಗುರುತಿಸಿ ವೈದ್ಯರ ಬಳಿ ಕರೆತಂದವರು ನೀವು.

ಔಷಧಿಯ ಮೊದಲ ವಾರಗಳೇ ಕಷ್ಟ. ಹೊಟ್ಟೆ ತೊಳಸುತ್ತದೆ, ಚಡಪಡಿಕೆ ಹೆಚ್ಚಬಹುದು. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಎಷ್ಟೋ ಜನ ಬಿಟ್ಟುಬಿಡುವುದು ಇಲ್ಲೇ. ನೀವು ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾ ದಿನ ದಾಟಿಸಿದಿರಿ. ಚೇತರಿಸಿಕೊಂಡ ಮೇಲೂ 6 ತಿಂಗಳಿಗಿಂತ ಮೊದಲು ನಿಲ್ಲಿಸಲು ಬಿಡಲಿಲ್ಲ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಶಾಕ್ ಹೊಡೆದಂಥ ಅನುಭವ ಆಗಬಹುದು. ಅದಕ್ಕೇ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಿದಿರಿ.

"ವಾಕಿಂಗ್ ಮಾಡು" ಎಂಬ ಉಪದೇಶವಿಲ್ಲ. ಚಪ್ಪಲಿ ಮುಂದಿಟ್ಟು "ಗೇಟಿನವರೆಗೆ ಬಾ" ಅಂದಿರಿ, ಅಷ್ಟೇ. ಖಿನ್ನತೆಯಲ್ಲಿ ಮನಸ್ಸು ಬರಲೆಂದು ಕಾದರೆ ಅದು ಬರುವುದೇ ಇಲ್ಲ.

ನಾವು ಎಂದೂ ಮರೆಯದ್ದು ಇನ್ನೊಂದು. "ಸಾಯಬೇಕು ಅನ್ನಿಸುತ್ತಿದೆಯಾ?" ಎಂದು ನೇರವಾಗಿ ಕೇಳಿದಿರಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಬರುತ್ತದೆ. ಹೌದೆಂಬ ಉತ್ತರ ಬಂದಾಗ ಒಂಟಿಯಾಗಿ ಬಿಡದೆ, ಅಂದೇ ವೈದ್ಯರಿಗೆ ತಿಳಿಸಿ, ಮಾತ್ರೆ ಡಬ್ಬಿಯನ್ನು ನಿಮ್ಮ ಚೀಲಕ್ಕೆ ಹಾಕಿಕೊಂಡಿರಿ. ದಿನಕ್ಕೊಂದೇ ಎಣಿಸಿ ಕೊಟ್ಟಿರಿ.